ಹಳೆ ಬೋಟು ಕೊಳ್ಳುವ ಮುನ್ನ

ಬಣ್ಣ ಹೊಸದು, ಎಂಜಿನ್ ಗಟ್ಟಿ, ಬೆಲೆಯೂ ಕೈಗೆಟುಕುವಂತಿದೆ... ಇಷ್ಟಿದ್ದರೆ ಸಾಕೆ? ಕೆರಳಿದ ಕಡಲು ಬಣ್ಣ ನೋಡುವುದಿಲ್ಲ. ಅದು ಪರೀಕ್ಷಿಸುವುದು ಅಡಿಯ ಹಲಗೆಯನ್ನು, ಮೇಲೆ ಹೇರಿದ ಭಾರವನ್ನು, ನೀರು ಹೊರಹೋಗುವ ಕಿಂಡಿಯನ್ನು.

ಮೈಸೂರಿನ ಉದಯಗಿರಿಯಲ್ಲಿ ಮೀನು ಕೊಳ್ಳುವ ಗೃಹಿಣಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಂಗುಡೆಯ ಕಣ್ಣು ತಿಳಿಯಾಗಿದೆಯೇ ಎಂದು ನೋಡುತ್ತಾಳೆ. ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತಾಳೆ. ಬೆರಳಿನಿಂದ ಒತ್ತಿ, ತಗ್ಗು ಬಿದ್ದ ಮಾಂಸ ಮತ್ತೆ ಮೇಲೇಳುತ್ತದೆಯೇ ಎಂದು ಪರೀಕ್ಷಿಸುತ್ತಾಳೆ. ಕಡಲು ಅಲ್ಲಿಂದ ಬಹಳ ದೂರ. ಆದರೂ ನೂರಿನ್ನೂರು ರೂಪಾಯಿಯ ಮೀನಿಗೆ ಇಷ್ಟು ಜಾಗರೂಕತೆ!

ಅದೇ ಮೀನನ್ನು ಹಿಡಿದು ತರುವ ಬೋಟನ್ನು ಕೊಳ್ಳುವಾಗ ಈ ಜಾಗರೂಕತೆ ಎಷ್ಟೋ ಸಲ ಕಾಣುವುದಿಲ್ಲ. ಲಕ್ಷಗಟ್ಟಲೆ ರೂಪಾಯಿಯ ವ್ಯವಹಾರ ಎಂಜಿನ್ನಿನ ಸದ್ದು ಕೇಳಿ, ಬಲೆ ಎಷ್ಟಿದೆ ಎಂದು ಎಣಿಸಿ, ಹೋದ ವರ್ಷ ಎಷ್ಟು ಮೀನು ತಂದಿತ್ತು ಎಂದು ವಿಚಾರಿಸಿ ಮುಗಿದುಹೋಗುತ್ತದೆ. ಬೋಟು ಅಲೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆ ಬರುವುದು ಮೊದಲ ಗಾಳಿಗೆ ಸಿಕ್ಕಿದ ಮೇಲೆಯೇ.

ಹಳೆ ಲಾರಿ ಕೊಂಡವನಿಗೆ ಮೋಸವಾದರೆ ಲಾರಿ ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ಚಾಲಕ ಇಳಿದು ಚಹಾ ಕುಡಿಯಬಹುದು. ಬೋಟಿನವರಿಗೆ ಇಳಿಯಲು ಜಾಗವಿಲ್ಲ. ಒಂದು ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ತಾಂಡೇಲನೂ ಸೇರಿ ಏಳೆಂಟು ಮಂದಿ ಹತ್ತು ಹನ್ನೆರಡು ದಿನ ನೀರಿನ ಮೇಲೆಯೇ ಇರುತ್ತಾರೆ. ಪರ್ಸಿನ್ ಬೋಟಿನಲ್ಲಾದರೆ ಇಪ್ಪತ್ತು ಮೂವತ್ತು ಮಂದಿ. ಅವರಲ್ಲಿ ಹೆಚ್ಚಿನವರು ಬೋಟನ್ನು ಆರಿಸಿದವರಲ್ಲ. ಹೊನ್ನಾವರ, ಕುಮಟಾ, ಭಟ್ಕಳಗಳಿಂದ, ಇನ್ನೂ ದೂರದ ಆಂಧ್ರ, ಒಡಿಶಾಗಳಿಂದ ದುಡಿಮೆಗೆ ಬಂದವರು. ಯಜಮಾನ ಆರಿಸಿದ ಬೋಟನ್ನೇ ನಂಬಿ ಹತ್ತುವವರು.

ಎರಡು ನೆನಪುಗಳು

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳ ನಂತರ ಸಂಪರ್ಕ ಕಡಿದುಕೊಂಡಿತು. ಅದರಲ್ಲಿದ್ದವರು ಏಳು ಮಂದಿ. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಮೀನುಗಾರರು ಹೆದ್ದಾರಿ ತಡೆದು ಪ್ರತಿಭಟಿಸಿದರು. ಕೊನೆಗೆ 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಆ ಬೋಟಿನ ಅವಶೇಷಗಳನ್ನು ಪತ್ತೆ ಮಾಡಿತು. ನಾಲ್ಕೂವರೆ ತಿಂಗಳು ಏಳು ಮನೆಗಳಿಗೆ ಆಸೆಯೂ ಇರಲಿಲ್ಲ, ತಿಥಿಯೂ ಇರಲಿಲ್ಲ.

2020ರ ನವೆಂಬರ್ ಕೊನೆಯ ದಿನ ಮಂಗಳೂರಿನಿಂದ ಹೊರಟ ‘ಶ್ರೀರಕ್ಷಾ’ ಎಂಬ ಪರ್ಸಿನ್ ಬೋಟು ಮೀನು ತುಂಬಿಕೊಂಡು ಹಿಂದಿರುಗುವಾಗ ಮಗುಚಿಬಿತ್ತು. ಸಣ್ಣ ದೋಣಿ ಹಿಡಿದು 19 ಮಂದಿ ಬದುಕಿ ಬಂದರು. ಆರು ಮಂದಿ ಸತ್ತರು. ಬರಿಗೈಯಲ್ಲಿ ಹೊರಟಾಗ ಏನೂ ಆಗದ ಬೋಟು ಬಲೆ ತುಂಬಿದ ದಿನವೇ ಮಗುಚಿತು ಎಂಬುದನ್ನು ಹಳೆ ಬೋಟು ಕೊಳ್ಳುವವರೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇವೆರಡೂ ಹಳೆ ಬೋಟಿನ ದೋಷದಿಂದ ಆದವು ಎಂದಲ್ಲ. ಆದರೆ ಬೋಟು ಎಂದರೆ ದುಡಿಯುವ ಯಂತ್ರವಷ್ಟೇ ಅಲ್ಲ, ಕಡಲಿನ ನಡುವೆ ಇರುವ ಒಂದೇ ನೆಲ ಎಂಬುದನ್ನು ಇವು ಕರಾವಳಿಗೆ ಮತ್ತೆ ನೆನಪಿಸಿದವು.

ನೋಡಲು ಯಾವ ಕಾಲ?

ಕರ್ನಾಟಕದ ಸುಮಾರು 300 ಕಿಲೋಮೀಟರ್ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲವೆಂದೂ ಕಡಲು ಒರಟಾಗಿರುವ ಕಾಲವೆಂದೂ ಇರುವ ರಜೆ ಇದು. 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಈ ಎರಡು ತಿಂಗಳು ಮಂಗಳೂರಿನ ಹಳೆ ಬಂದರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಧಕ್ಕೆಗಳಲ್ಲಿ ಬೋಟುಗಳು ಸಾಲಾಗಿ ಒಂದಕ್ಕೊಂದು ಕಟ್ಟಿಕೊಂಡು ನಿಂತಿರುತ್ತವೆ. ಕೆಲವನ್ನು ದಡಕ್ಕೆ ಎಳೆದು ದುರಸ್ತಿಗೆ ಇಟ್ಟಿರುತ್ತಾರೆ.

ಹಳೆ ಬೋಟಿನ ಹೊಟ್ಟೆ ನೋಡಲು ಇದೇ ಒಳ್ಳೆಯ ಕಾಲ. ಆದರೆ ಇಲ್ಲೊಂದು ತೊಡಕಿದೆ. ಬೋಟು ಸುಲಭವಾಗಿ ನೋಡಸಿಗುವ ಕಾಲದಲ್ಲಿ ಅದನ್ನು ಕಡಲಿಗಿಳಿಸಿ ಓಡಿಸಿ ನೋಡುವಂತಿಲ್ಲ. ಆಗಸ್ಟ್‌ನಲ್ಲಿ ಋತು ಆರಂಭವಾದಾಗ ಮುಂಗಾರಿನ ಅಲೆ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಹೀಗಾಗಿ ಹೊಸ ಯಜಮಾನನಿಗೆ ತನ್ನ ಬೋಟಿನ ಗುಣ ಗೊತ್ತಾಗುವುದು ವರ್ಷದ ಒರಟು ದಿನಗಳಲ್ಲೇ. ಆದ್ದರಿಂದ ಜುಲೈನಲ್ಲಿ ದಡದ ಮೇಲೆ ಮತ್ತು ಬಂದರಿನ ಒಳನೀರಿನಲ್ಲಿ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿಯೇ ಮುಂಗಡ ಕೊಡಬೇಕು. ‘ಆಗಸ್ಟ್‌ನಲ್ಲಿ ಒಮ್ಮೆ ಕಡಲಿಗೆ ಹೋಗಿ ಬಂದ ಮೇಲೆ ಉಳಿದ ಹಣ’ ಎಂಬ ಕರಾರು ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು.

ದಡದ ಮೇಲಿನ ಪರೀಕ್ಷೆ

ಮೊದಲು ಮರದ ಬೋಟು. ಹೊಸ ಬೋಟುಗಳಲ್ಲಿ ಉಕ್ಕು ಮತ್ತು ಫೈಬರ್ ಹೆಚ್ಚಾಗಿದ್ದರೂ ಹಳೆಯ ಬೋಟುಗಳಲ್ಲಿ ಮರದವು ಸಾಕಷ್ಟಿವೆ. ಹೆಬ್ಬಲಸಿನಂಥ ಗಟ್ಟಿ ಮರ ಬಹಳ ಕಾಲ ಬಾಳುತ್ತದೆ ನಿಜ. ಆದರೆ ಅದಕ್ಕೂ ಶತ್ರುಗಳಿದ್ದಾರೆ. ಒಂದು, ಉಪ್ಪುನೀರಿನಲ್ಲಿ ಮರ ಕೊರೆಯುವ ಹಡಗುಹುಳು. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಬೆರಳು ಹೋಗುವಷ್ಟು ಸುರಂಗ. ಇನ್ನೊಂದು, ಮಳೆನೀರು. ಉಪ್ಪುನೀರಿಗಿಂತ ಮಳೆನೀರು ನಿಂತ ಕಡೆಯಲ್ಲೇ ಮರ ಬೇಗ ಕೊಳೆಯುತ್ತದೆ. ಅಟ್ಟದ ಹಲಗೆ ಗೋಡೆಗೆ ಸೇರುವ ಮೂಲೆ, ಕ್ಯಾಬಿನ್ನಿನ ಬುಡ, ವಿಂಚ್ ಕೂರಿಸಿದ ಜಾಗ, ಎಂಜಿನ್ನಿನ ಅಡಿದಿಮ್ಮಿ ಇವೇ ಮುಖ್ಯ ಸ್ಥಳಗಳು.

ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಒಂದು ಸಣ್ಣ ಸುತ್ತಿಗೆ, ಒಂದು ಚೂಪು ಚಾಕು ಸಾಕು. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಚಾಕು ಸುಲಭವಾಗಿ ಇಳಿದರೆ ಅಲ್ಲಿ ಮರವಿಲ್ಲ, ಬಣ್ಣವಷ್ಟೇ ಇದೆ. ಹಲಗೆಗಳ ನಡುವಿನ ಸಂದಿಗೆ ತುಂಬಿದ ಹತ್ತಿ ಮತ್ತು ಮೇಣ ಸಡಿಲವಾಗಿದೆಯೇ, ಮೊಳೆಗಳ ಸುತ್ತ ಕಪ್ಪು ಕಲೆ ಇದೆಯೇ ಎಂದು ನೋಡಬೇಕು. ಕಪ್ಪು ಕಲೆ ಇದ್ದರೆ ಮೊಳೆ ಒಳಗೇ ತುಕ್ಕು ಹಿಡಿದು ಸಣ್ಣದಾಗಿದೆ ಎಂದರ್ಥ. ಸೋರಿಕೆ ಮುಚ್ಚಲು ಮರದ ಮೇಲೆ ಫೈಬರ್ ಹೊದಿಕೆ ಹಾಕಿದ ಬೋಟುಗಳಲ್ಲಿ ಇನ್ನೂ ಎಚ್ಚರ ಬೇಕು. ಹೊದಿಕೆಯ ಒಳಗೆ ನೀರು ಸೇರಿಕೊಂಡರೆ ಮರ ಕಣ್ಣಿಗೆ ಕಾಣದಂತೆ ಕೊಳೆಯುತ್ತಾ ಹೋಗುತ್ತದೆ. ಒಳಗಿನಿಂದಲೂ ತಟ್ಟಿ ನೋಡುವುದು ಇದಕ್ಕಾಗಿ.

ಉಕ್ಕಿನ ಬೋಟಿಗೆ ತುಕ್ಕೇ ರೋಗ. ತಳದಲ್ಲಿ, ಎಂಜಿನ್ನಿನ ಕೆಳಗೆ, ಐಸ್ ಕರಗಿದ ನೀರು ಸದಾ ನಿಲ್ಲುವ ಮೀನು ಕೋಣೆಯ ಅಡಿಯಲ್ಲಿ ತಗಡು ಒಳಗಿನಿಂದ ತೆಳುವಾಗುತ್ತದೆ. ಹೊರಗೆ ಎಷ್ಟು ಹೊಸ ಬಣ್ಣವಿದ್ದರೂ ಪ್ರಯೋಜನವಿಲ್ಲ. ಶಬ್ದತರಂಗದಿಂದ ತಗಡಿನ ದಪ್ಪ ಅಳೆಯುವ ಪುಟ್ಟ ಯಂತ್ರವುಳ್ಳ ಸರ್ವೇಯರನ್ನು ಕರೆಸಿದರೆ ಒಂದೆರಡು ಗಂಟೆಯಲ್ಲಿ ಸತ್ಯ ಹೊರಬೀಳುತ್ತದೆ. ತಳಕ್ಕೆ ಬಡಿದ ಸತುವಿನ ತುಂಡುಗಳನ್ನೂ ಗಮನಿಸಿ. ಉಕ್ಕಿನ ಬದಲು ತಾವು ಸವೆಯುವುದೇ ಅವುಗಳ ಕೆಲಸ. ಅವು ಪೂರ್ತಿ ಸವೆದುಹೋಗಿದ್ದು ಬದಲಾಯಿಸದೆ ಬಿಟ್ಟಿದ್ದರೆ, ಆಮೇಲೆ ಸವೆದದ್ದು ಬೋಟೇ.

ಫೈಬರ್ ಬೋಟು ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ಪದರ ಬಿಡುತ್ತದೆ. ನಾಣ್ಯದಿಂದ ತಟ್ಟುತ್ತಾ ಹೋದರೆ ಪದರ ಬಿಟ್ಟ ಕಡೆ ಸದ್ದು ಮಂಕಾಗುತ್ತದೆ. ಗುಳ್ಳೆಗಳು, ಜೇಡರ ಬಲೆಯಂಥ ಸೀಳುಗಳು, ಒಳಗಿನ ಮರದ ಪಟ್ಟಿಗೆ ನೀರು ಹೊಕ್ಕ ಗುರುತು ಇದ್ದರೆ ಬೆಲೆ ಚರ್ಚಿಸುವುದಲ್ಲ, ಬೇರೆ ಬೋಟು ನೋಡುವುದು ಲೇಸು.

ಎಂಜಿನ್ ಎಲ್ಲರೂ ನೋಡುತ್ತಾರೆ. ಆದರೆ ಚುಕ್ಕಾಣಿಯ ಕೊಂಡಿ, ಪಂಖದ ದಂಡ ಹೊರಹೋಗುವ ಕೊಳವೆ, ಕಡಲ ನೀರು ಒಳತರುವ ವಾಲ್ವುಗಳನ್ನು ನೋಡುವವರು ಕಡಿಮೆ. ಅಲೆಯ ನಡುವೆ ಎಂಜಿನ್ ನಿಂತ ಬೋಟು ಅಡ್ಡಲಾಗಿ ತಿರುಗಿ ಅಲೆಗೆ ಬೆನ್ನು ಬದಿಯೆಲ್ಲ ಒಡ್ಡುತ್ತದೆ. ಎಂಜಿನ್ ನಿಲ್ಲಲು ದೊಡ್ಡ ಕಾರಣ ಬೇಕಾಗಿಲ್ಲ. ಡೀಸೆಲ್ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಕೆಸರು ಬೋಟು ಕುಲುಕಿದಾಗ ಕದಡಿ ಫಿಲ್ಟರಿಗೆ ಬಂದರೆ ಸಾಕು. ಶಾಂತ ಬಂದರಿನಲ್ಲಿ ಚೆನ್ನಾಗಿ ಓಡಿದ ಎಂಜಿನ್ ಗಾಳಿಯ ದಿನವೇ ನಿಲ್ಲುವುದರ ಗುಟ್ಟು ಎಷ್ಟೋ ಸಲ ಇದೇ. ಹಳೆ ಬೋಟು ಕೊಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ಟ್ಯಾಂಕು ಬರಿದು ಮಾಡಿ ತೊಳೆಯುವುದು.

ತೂಗುವ ತೊಟ್ಟಿಲು ಸುರಕ್ಷಿತವೆ?

ಇನ್ನು ಮುಖ್ಯ ಪ್ರಶ್ನೆ. ಒರಟು ನೀರಿನಲ್ಲಿ ಯಾವ ಬೋಟು ಆರಾಮ? ಯಾವುದು ಸುರಕ್ಷಿತ? ಎರಡೂ ಒಂದೇ ಎಂದು ತಿಳಿಯುವವರೇ ಹೆಚ್ಚು. ಅಪಾಯ ಇರುವುದೂ ಇಲ್ಲಿಯೇ.

ಅಲೆ ಬಂದು ಬೋಟು ಒಂದು ಕಡೆಗೆ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ಮಾಡುವ ಶಕ್ತಿ ಎರಡು ಸಂಗತಿಗಳಿಂದ ಬರುತ್ತದೆ. ಒಂದು ಬೋಟಿನ ಅಗಲ, ಇನ್ನೊಂದು ಭಾರ ಎಷ್ಟು ಕೆಳಗಿದೆ ಎಂಬುದು. ಅಗಲ ಹೆಚ್ಚಿ ಭಾರ ಕೆಳಗಿದ್ದರೆ ಬೋಟು ಥಟ್ಟನೆ ನೆಟ್ಟಗಾಗುತ್ತದೆ. ಎಷ್ಟು ಥಟ್ಟನೆ ಎಂದರೆ, ಅಟ್ಟದ ಮೇಲಿದ್ದವರು ಆಯ ತಪ್ಪಿ ಬೀಳುವಷ್ಟು. ಇಂಥ ಬೋಟಿನಲ್ಲಿ ನಿದ್ದೆ ಬರುವುದಿಲ್ಲ, ಸೊಂಟ ನೋಯುತ್ತದೆ, ಬಲೆ ಎಳೆಯುವ ಕೈ ಜಾರುತ್ತದೆ. ಭಾರ ಮೇಲಿರುವ ಬೋಟಾದರೋ ನಿಧಾನವಾಗಿ, ತೊಟ್ಟಿಲಿನಂತೆ ತೂಗುತ್ತದೆ. ಹತ್ತಿ ನೋಡಿದವರು ‘ಎಷ್ಟು ಮೆತ್ತಗೆ ಹೋಗುತ್ತದೆ!’ ಎಂದು ಮೆಚ್ಚುತ್ತಾರೆ. ಆದರೆ ಆ ಮೆತ್ತನೆಯ ಅರ್ಥ ಬೇರೆ. ನೆಟ್ಟಗಾಗುವ ಶಕ್ತಿ ಅದಕ್ಕೆ ಕಡಿಮೆ. ವಾಲಿದ ಕೊನೆಯಲ್ಲಿ ಒಂದು ಗಳಿಗೆ ಯೋಚಿಸುವಂತೆ ನಿಂತು ಆಮೇಲೆ ಏಳುವ ಬೋಟು ಒಂದು ದಿನ ಏಳದೆಯೂ ಇರಬಹುದು.

ಇದನ್ನು ಅಳೆಯಲು ಸರಳವಾದ ಉಪಾಯವೊಂದಿದೆ. ಬಂದರಿನ ಶಾಂತ ನೀರಿನಲ್ಲಿ ಬೋಟಿನ ಹಗ್ಗಗಳನ್ನು ಸಡಿಲ ಬಿಡಿ. ಅಡಿಯಲ್ಲಿ ನಿಂತ ನೀರನ್ನು ಪಂಪು ಮಾಡಿ ತೆಗೆಯಿರಿ. ನಾಲ್ಕೈದು ಮಂದಿ ಒಟ್ಟಿಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಾಡಿ ಬೋಟು ಓಲಾಡುವಂತೆ ಮಾಡಿ, ನಡುವೆ ನಿಂತುಬಿಡಲಿ. ಬೋಟು ಎಡಕ್ಕೆ ವಾಲಿದ ತುದಿಯಿಂದ ಬಲಕ್ಕೆ ಹೋಗಿ ಮತ್ತೆ ಎಡತುದಿಗೆ ಬಂದರೆ ಒಂದು ಓಲಾಟ. ನಾಲ್ಕೈದು ಓಲಾಟಗಳ ಸಮಯ ಗಡಿಯಾರದಲ್ಲಿ ಹಿಡಿದು, ಸರಾಸರಿ ತೆಗೆಯಿರಿ. ಎರಡು ಮೂರು ಸಲ ಮಾಡಿದರೆ ಲೆಕ್ಕ ಗಟ್ಟಿಯಾಗುತ್ತದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಣ್ಣ ಮೀನುಗಾರಿಕಾ ದೋಣಿಗಳಿಗಾಗಿ ಹೇಳುವ ಸ್ಥೂಲ ನಿಯಮ ಹೀಗಿದೆ: ಒಂದು ಓಲಾಟಕ್ಕೆ ಹಿಡಿಯುವ ಸೆಕೆಂಡುಗಳು ಬೋಟಿನ ಅಗಲದ ಮೀಟರುಗಳಿಗಿಂತ ಕಡಿಮೆ ಇರಬೇಕು. ಐದೂವರೆ ಮೀಟರ್ ಅಗಲದ ಬೋಟು ಐದು ಸೆಕೆಂಡಿನಲ್ಲಿ ಹೋಗಿ ಬಂದರೆ ಒಳ್ಳೆಯದು. ಎಂಟು ಸೆಕೆಂಡು ಹಿಡಿದರೆ ಎಷ್ಟೇ ಸುಖವೆನಿಸಿದರೂ ಅದನ್ನು ಬಿಟ್ಟುಬಿಡಿ. ಮೂರೇ ಸೆಕೆಂಡಿನಲ್ಲಿ ಬಂದರೆ ಮಗುಚುವ ಭಯ ಕಡಿಮೆ, ಆದರೆ ಆಳುಗಳ ಮೈಮೂಳೆ ಉಳಿಯುವುದಿಲ್ಲ.

ಹಾಗಾದರೆ ಆರಾಮವನ್ನು ಎಲ್ಲಿಂದ ತರುವುದು? ಭಾರವನ್ನು ಮೇಲಕ್ಕೆ ಏರಿಸಿ ಅಲ್ಲ, ನೀರಿನ ಕೆಳಗೆ ತಡೆ ಕೊಟ್ಟು. ಬೋಟಿನ ಹೊಟ್ಟೆಯ ಎರಡೂ ತಿರುವುಗಳಲ್ಲಿ ಉದ್ದಕ್ಕೆ ಕೂರಿಸಿದ ರೆಕ್ಕೆಯಂಥ ಪಟ್ಟಿಗಳು ಓಲಾಟವನ್ನು ನೀರಿಗೆ ಉಜ್ಜಿ ತಗ್ಗಿಸುತ್ತವೆ. ನೆಟ್ಟಗಾಗುವ ಶಕ್ತಿಯನ್ನು ಅವು ಕಡಿಮೆ ಮಾಡುವುದಿಲ್ಲ. ನಡುವಿನ ಅಡಿಮರ ಉದ್ದವಾಗಿ ಆಳವಾಗಿದ್ದರೂ ಇದೇ ಉಪಕಾರ. ದಡದಲ್ಲಿ ಬೋಟಿನ ಅಡಿಗೆ ಬಗ್ಗಿ ನೋಡುವಾಗ ಇವು ಇವೆಯೇ, ಮುರಿದಿವೆಯೇ ಎಂದು ನೋಡುವುದನ್ನು ಮರೆಯಬಾರದು. ಮುಂಭಾಗವೂ ಅಷ್ಟೇ ಮುಖ್ಯ. ಅಣಿಯ ಎತ್ತರವಾಗಿ, ಮೇಲೆ ಹೋದಂತೆ ಹೊರಕ್ಕೆ ಅರಳಿದ್ದರೆ ಅಲೆಯ ನೀರು ಪಕ್ಕಕ್ಕೆ ಸಿಡಿಯುತ್ತದೆ. ತಳ ಚಪ್ಪಟೆಯಾಗಿದ್ದರೆ ಪ್ರತಿ ಅಲೆಗೂ ದಬದಬನೆ ಬಡಿದುಕೊಳ್ಳುತ್ತದೆ. ಆ ಬಡಿತ ಆಳುಗಳನ್ನು ದಣಿಸುವುದು ಮಾತ್ರವಲ್ಲ, ಹಲಗೆಯ ಜೋಡಣೆಯನ್ನೂ ಸಡಿಲಿಸುತ್ತದೆ.

ಕೈ ಬದಲಾದಂತೆ ಭಾರ ಏರಿತು

ಹಳೆ ಬೋಟಿನ ದೊಡ್ಡ ಸಮಸ್ಯೆ ಅದರ ವಯಸ್ಸಲ್ಲ, ಅದರ ಇತಿಹಾಸ. ಮೊದಲ ಯಜಮಾನ ಕಟ್ಟಿಸಿದಾಗ ಬೋಟು ಒಂದು ಲೆಕ್ಕದಲ್ಲಿತ್ತು. ಎರಡನೆಯವನು ಕ್ಯಾಬಿನ್ನಿನ ಮೇಲೆ ಇನ್ನೊಂದು ಅಂತಸ್ತು ಎತ್ತಿದ. ಮೂರನೆಯವನು ದೊಡ್ಡ ವಿಂಚ್ ಹಾಕಿಸಿದ, ಮೇಲೊಂದು ನೀರಿನ ಟ್ಯಾಂಕು ಇಟ್ಟ, ಬಲೆ ಎತ್ತುವ ಕಂಬ ಎತ್ತರ ಮಾಡಿದ. ನಾಲ್ಕನೆಯವನು ಎಂಜಿನ್ ಬದಲಾಯಿಸಿದ. ಒಂದೊಂದು ಬದಲಾವಣೆಯೂ ಆಯಾ ಕಾಲಕ್ಕೆ ಸರಿಯೆನಿಸಿತು. ಒಟ್ಟು ಲೆಕ್ಕ ಯಾರೂ ಹಾಕಲಿಲ್ಲ. ಐದನೆಯವನು ಕೊಳ್ಳುವ ಬೋಟು ಮೊದಲನೆಯವನು ಕಟ್ಟಿಸಿದ ಬೋಟೇ ಅಲ್ಲ!

ಹೀಗಾಗಿ ಮಾರುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ಎಷ್ಟು ವರ್ಷದ ಬೋಟು?’ ಎಂದಲ್ಲ. ‘ಕಟ್ಟಿಸಿದ ಮೇಲೆ ಏನೇನು ಸೇರಿಸಿದ್ದೀರಿ?’ ಎಂಬುದು. ಬೋಟಿನ ಪಕ್ಕದಲ್ಲಿ ಹಳೆಯ ನೀರಿನ ಗೆರೆ ಈಗಿನ ಗೆರೆಗಿಂತ ಕೆಳಗಿದ್ದರೆ ಬೋಟು ಭಾರವಾಗಿದೆ ಎಂದು ಅದೇ ಹೇಳುತ್ತದೆ. ಬರಿದಾದ ಬೋಟು ಕಟ್ಟಿದ ಜಾಗದಲ್ಲೇ ಒಂದು ಬದಿಗೆ ವಾಲಿ ನಿಂತಿದ್ದರೆ ಕಾರಣ ಕೇಳದೆ ಮುಂದುವರಿಯಬಾರದು.

ಇನ್ನೊಂದು ಸೂಕ್ಷ್ಮವಿದೆ. ಬೋಟು ಹೊರಡುವಾಗ ಡೀಸೆಲ್, ನೀರು, ಐಸು ಎಲ್ಲವೂ ಕೆಳಗೆ ತುಂಬಿರುತ್ತದೆ. ಆಗ ಅದು ಗಟ್ಟಿ. ಹತ್ತು ದಿನದ ನಂತರ ಡೀಸೆಲ್ ಮುಗಿಯುತ್ತಾ ಬಂದಿರುತ್ತದೆ, ಐಸು ಕರಗಿರುತ್ತದೆ, ಒದ್ದೆ ಬಲೆ ಅಟ್ಟದ ಮೇಲಿರುತ್ತದೆ. ಒಳಗೆ ಜಾಗ ಸಾಲದೆ ಮೀನೂ ಮೇಲೆಯೇ ರಾಶಿ ಬಿದ್ದಿದ್ದರೆ ಕೇಳುವುದೇ ಬೇಡ. ಅದೇ ಬೋಟು ಈಗ ಮೇಲೆ ಭಾರ, ಕೆಳಗೆ ಹಗುರ. ಹೋಗುವಾಗ ತಾಳಿಕೊಂಡ ಅಲೆಯನ್ನು ಬರುವಾಗ ತಾಳಿಕೊಳ್ಳದೆ ಇರಬಹುದು. ಬಂದರಿನಲ್ಲಿ ಮಾಡಿದ ಓಲಾಟದ ಪರೀಕ್ಷೆಗೂ ಈ ಮಿತಿ ಇದೆ. ಟ್ಯಾಂಕು ತುಂಬಿದಾಗ ಒಮ್ಮೆ, ಬಹುತೇಕ ಬರಿದಾದಾಗ ಒಮ್ಮೆ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಚೆಲ್ಲಾಡುವ ನೀರೇ ಶತ್ರು

ಅರ್ಧ ತುಂಬಿದ ತಟ್ಟೆಯಲ್ಲಿ ಪಾಯಸ ಹಿಡಿದು ನಡೆದವರಿಗೆ ಇದು ಗೊತ್ತು. ತಟ್ಟೆ ಸ್ವಲ್ಪ ವಾಲಿದರೆ ಪಾಯಸವೆಲ್ಲ ಅದೇ ಕಡೆ ಹರಿದು ಇನ್ನಷ್ಟು ವಾಲಿಸುತ್ತದೆ. ಬೋಟಿನ ಒಳಗೆ ಅರ್ಧ ತುಂಬಿದ ಟ್ಯಾಂಕು, ಅಡಿಯಲ್ಲಿ ನಿಂತ ನೀರು, ಅಡ್ಡಹಲಗೆಯಿಲ್ಲದ ಕೋಣೆಯಲ್ಲಿ ಜಾರಾಡುವ ಮೀನು ಮಾಡುವುದೂ ಇದನ್ನೇ. ದ್ರವ ಹರಡಿಕೊಂಡ ಅಗಲ ಹೆಚ್ಚಿದಷ್ಟೂ ಕೇಡು ಹೆಚ್ಚು. ಟ್ಯಾಂಕಿನ ನಡುವೆ ಉದ್ದಕ್ಕೆ ಒಂದು ಗೋಡೆ ಹಾಕಿ ಎರಡು ಭಾಗ ಮಾಡಿದರೆ ಈ ಕೇಡು ಕಾಲುಭಾಗಕ್ಕೆ ಇಳಿಯುತ್ತದೆ. ಮೀನು ಕೋಣೆಯ ಅಡ್ಡಹಲಗೆಗಳು ಬರೀ ಮೀನು ವಿಂಗಡಿಸಲು ಇರುವುದಲ್ಲ. ಮಾರುವ ಹೊತ್ತಿಗೆ ಅವು ಕಾಣೆಯಾಗಿರುವುದುಂಟು. ಹಲಗೆ ಕೂರಿಸುವ ತೋಡುಗಳು ಸರಿಯಾಗಿದ್ದರೆ ಹೊಸದು ಮಾಡಿಸಿಕೊಳ್ಳಬಹುದು.

ಅಟ್ಟದ ಮೇಲೆ ನುಗ್ಗಿದ ನೀರು ಮುಂದಿನ ಅಲೆ ಬರುವ ಮೊದಲೇ ಹೊರಹೋಗಬೇಕು. ಅದಕ್ಕಾಗಿ ಬದಿಗೋಡೆಯ ಬುಡದಲ್ಲಿ ಕಿಂಡಿಗಳಿರುತ್ತವೆ. ಸಣ್ಣ ಮೀನು ಜಾರಿಹೋಗಬಾರದೆಂದು ಇವಕ್ಕೆ ಹಲಗೆ ಬಡಿದು, ಗೋಣಿ ತುರುಕಿ ಮುಚ್ಚಿಬಿಡುವುದಿದೆ. ಒಂದು ಬುಟ್ಟಿ ಮೀನು ಉಳಿಸಲು ಹೋಗಿ ಅಟ್ಟವನ್ನೇ ಕೆರೆ ಮಾಡಿದಂತೆ! ಕಿಂಡಿಗೆ ಸರಳು ಹಾಕಿಸಿದರೆ ಮೀನೂ ಉಳಿಯುತ್ತದೆ, ನೀರೂ ಹೋಗುತ್ತದೆ. ಮೀನು ಕೋಣೆಯ ಬಾಯಿಗೆ ಎತ್ತರದ ಅಂಚು, ಬಿಗಿಯಾಗಿ ಕೂರುವ ಮುಚ್ಚಳ, ಅದಕ್ಕೆ ಕೊಂಡಿ ಇರಬೇಕು. ಎಂಜಿನ್ ಕೋಣೆಗೂ ಮೀನು ಕೋಣೆಗೂ ನಡುವಿನ ಗೋಡೆಯಲ್ಲಿ ಪೈಪು, ವೈರು ಎಳೆಯಲು ಕೊರೆದ ತೂತುಗಳನ್ನು ಹಾಗೇ ಬಿಟ್ಟಿದ್ದರೆ ಒಂದು ಕೋಣೆಗೆ ಹೊಕ್ಕ ನೀರು ಎಲ್ಲ ಕೋಣೆಗೂ ಹೋಗುತ್ತದೆ.

ಅಳಿವೆಯ ಬಾಗಿಲು

ಹೊರಕಡಲಿನಲ್ಲಿ ಬದುಕಿದ ಬೋಟು ಮನೆಯ ಹೊಸ್ತಿಲಲ್ಲಿ ಮಗುಚುವುದಿದೆ. ಆ ಹೊಸ್ತಿಲೇ ಅಳಿವೆ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಮಂಗಳೂರಿನ ಬೆಂಗ್ರೆಯ ಬಳಿ, ಹಂಗಾರಕಟ್ಟೆಯ ಕೋಡಿಬೆಂಗ್ರೆಯಲ್ಲಿ, ಗಂಗೊಳ್ಳಿಯಲ್ಲಿ, ಶರಾವತಿಯ ಬಾಯಿಯ ಹೊನ್ನಾವರದಲ್ಲಿ ಮರಳು ಸೇರಿ ನೀರು ಆಳ ಕಳೆದುಕೊಳ್ಳುತ್ತದೆ. ಅಲೆಯ ಎತ್ತರದ ಸುಮಾರು 1.3 ಪಟ್ಟು ಆಳಕ್ಕೆ ಬಂದಾಗ ಅಲೆ ಮುರಿದು ಬೀಳುತ್ತದೆ. ಎರಡು ಮೀಟರ್ ಎತ್ತರದ ಅಲೆ ಎರಡೂವರೆ ಮೀಟರ್ ಆಳದಲ್ಲಿ ಮುರಿಯುತ್ತದೆ ಎಂದಾಯಿತು. ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಬರುತ್ತಿದ್ದರೆ ಎದುರಿನಿಂದ ಬರುವ ಅಲೆ ಇನ್ನೂ ಕಡಿದಾಗುತ್ತದೆ.

ಒಳಬರುವ ಬೋಟಿನ ಹಿಂಬದಿಗೆ ಅಲೆ ಬರುತ್ತದೆ. ಅಲೆಯ ಬೆನ್ನೇರಿ ಜಾರಿದ ಬೋಟಿನ ಮೂತಿ ಮುಂದಿನ ತಗ್ಗಿಗೆ ಕಚ್ಚಿಕೊಂಡು, ಹಿಂಭಾಗ ಮೇಲೆದ್ದು, ಚುಕ್ಕಾಣಿ ನೀರಿನ ಹಿಡಿತ ಕಳೆದುಕೊಂಡು ಬೋಟು ಅಡ್ಡ ತಿರುಗುತ್ತದೆ. ಮುಂದಿನ ಅಲೆ ಬದಿಗೆ ಬಡಿದರೆ ಮುಗಿಯಿತು. ಆದ್ದರಿಂದ ಕೊಳ್ಳುವ ಬೋಟಿನ ಚುಕ್ಕಾಣಿ ಸಾಕಷ್ಟು ದೊಡ್ಡದಿದೆಯೇ, ಆಳಕ್ಕೆ ಇಳಿದಿದೆಯೇ, ಒಂದು ಬದಿಯಿಂದ ಇನ್ನೊಂದು ಬದಿಗೆ ಬೇಗ ತಿರುಗುತ್ತದೆಯೇ, ಹಿಂಭಾಗ ತೀರಾ ತಗ್ಗಿಲ್ಲವೇ ಎಂಬುದು ಮುಖ್ಯ. ಯಾವ ಬಂದರಿನಲ್ಲಿ ಇಡುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಬೋಟು ಆರಿಸಬೇಕು. ಕಡಲಿಗೆ ನೇರ ತೆರೆದ ಆಳದ ಬಂದರಿನಲ್ಲಿ ಸರಿಹೋದ ಬೋಟು ಮರಳಿನ ಅಳಿವೆಯಲ್ಲಿ ತಳ ಬಡಿದುಕೊಳ್ಳಬಹುದು.

ಆಳುಗಳ ಕಣ್ಣಿನಿಂದ

ಬೋಟು ನೋಡಲು ಹೋಗುವಾಗ ಯಜಮಾನ ಒಬ್ಬನೇ ಹೋಗಬಾರದು. ಅದರಲ್ಲಿ ದುಡಿಯುವ ತಾಂಡೇಲ, ಹಳೆಯ ಕಲಾಸಿ ಒಬ್ಬ ಜತೆಗಿರಲಿ. ಮಲಗುವ ಜಾಗ ಎಲ್ಲಿದೆ? ತೀರಾ ಮುಂದಿದ್ದರೆ ಏಳುಬೀಳು ಹೆಚ್ಚು. ನಡುವಿಗೆ ಹತ್ತಿರವಾದಷ್ಟೂ ಕುಲುಕು ಕಡಿಮೆ. ಎಂಜಿನ್ನಿನ ಹೊಗೆ ಅಲ್ಲಿಗೆ ಬರುತ್ತದೆಯೇ? ಬದಿಗೋಡೆ ಸೊಂಟದ ಎತ್ತರಕ್ಕಿದೆಯೇ, ಮೊಣಕಾಲಿಗೆ ತಾಗಿ ಮುಗ್ಗರಿಸುವಷ್ಟೇ ಇದೆಯೇ? ಹಿಡಿದು ನಡೆಯಲು ಸರಳುಗಳಿವೆಯೇ? ಅಡುಗೆಯ ಗ್ಯಾಸ್ ಸಿಲಿಂಡರ್ ಬಿಗಿದು ಕಟ್ಟಿದೆಯೇ? ಶೌಚದ ವ್ಯವಸ್ಥೆ ಏನು? ಇದು ನಾಚಿಕೆಯ ಮಾತಲ್ಲ. ಕತ್ತಲಲ್ಲಿ ಬದಿಗೆ ಹೋಗಿ ನಿಂತವನು ಒಂದು ಅಲೆಗೆ ಕಾಣೆಯಾದರೆ ಪಕ್ಕದಲ್ಲಿ ಮಲಗಿದವನಿಗೂ ಗೊತ್ತಾಗುವುದು ಬೆಳಗ್ಗೆಯೇ. ಹಿಂಭಾಗದಲ್ಲಿ ಗೋಡೆಯೊಳಗೆ ಒಂದು ಪುಟ್ಟ ಕೋಣೆ ಮಾಡಿಸಲು ಆಗುವ ಖರ್ಚು ಒಂದು ಸುರುಳಿ ಬಲೆಯ ಹಗ್ಗದ ಮುಂದೆ ಏನೂ ಅಲ್ಲ.

ನಿದ್ದೆಗೆಟ್ಟ ತಾಂಡೇಲ ತಪ್ಪು ನಿರ್ಧಾರ ಮಾಡುತ್ತಾನೆ. ಸೊಂಟ ನೋಯುವ ಕಲಾಸಿ ಹಗ್ಗ ಬಿಡುವಲ್ಲಿ ಒಂದು ಕ್ಷಣ ತಡ ಮಾಡುತ್ತಾನೆ. ಬಲೆ ತಳದ ಕಲ್ಲಿಗೆ ಸಿಕ್ಕಿ ವಿಂಚು ಬೋಟನ್ನೇ ಕೆಳಗೆಳೆಯುವಾಗ ಆ ಒಂದು ಕ್ಷಣಕ್ಕೇ ಬೆಲೆ. ವಿಂಚಿನ ಬ್ರೇಕು ಥಟ್ಟನೆ ಬಿಡುವಂತಿದೆಯೇ ಎಂದು ಭಾರ ಹಾಕಿಯೇ ನೋಡಬೇಕು. ಕಡಲಿನ ಆರಾಮ ಎಂದರೆ ಸುಖಾಸನವಲ್ಲ. ಅದು ಸುರಕ್ಷತೆಯ ಅರ್ಧ ಭಾಗ.

ಕಾಗದಪತ್ರ, ಕರೆಗಂಟೆ

ಬೋಟಿನ ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ದಾಖಲೆಗೆ ಹೊಂದುತ್ತವೆಯೇ ಎಂದು ನೋಡುವುದು ಮೊದಲ ಕೆಲಸ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಂತೆ ಪಡೆದ ಪರವಾನಗಿ, ಬ್ಯಾಂಕಿನ ಸಾಲ ತೀರಿದ ಪತ್ರ, ವಿಮೆ, ರಿಯಾಯಿತಿ ಡೀಸೆಲ್‌ನ ಪುಸ್ತಕ ಎಲ್ಲವನ್ನೂ ಮೀನುಗಾರಿಕಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಹಳೆಯ ಹೆಸರಿನಲ್ಲೇ ಓಡಿಸುವ ಬೋಟಿಗೆ ಅವಘಡವಾದರೆ ಪರಿಹಾರ ಕೇಳುವಾಗ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಸುವರ್ಣ ತ್ರಿಭುಜ ಕಲಿಸಿದ ಪಾಠ ಇನ್ನೊಂದು: ಎಲ್ಲಿದ್ದೇವೆ ಎಂದು ದಡಕ್ಕೆ ತಿಳಿಸುವ ಸಾಧನ. ದಡ ಬಿಟ್ಟು ದೂರ ಹೋದ ಮೇಲೆ ಮೊಬೈಲ್ ಫೋನು ಬರೀ ದೀಪ. ವಿಎಚ್‌ಎಫ್ ರೇಡಿಯೊ (ಅಪಾಯದ ಕರೆಗೆ 16ನೇ ಚಾನೆಲ್), ಉಪಗ್ರಹದ ಮೂಲಕ ಅಪಾಯದ ಸಂಕೇತ ಕಳಿಸುವ ಇಸ್ರೊ ರೂಪಿಸಿದ ಸಾಧನ, ಎಲ್ಲ ಆಳುಗಳಿಗೂ ಜೀವರಕ್ಷಕ ಅಂಗಿ ಬೋಟಿನ ಜತೆಗೇ ಬರುತ್ತವೆಯೇ ಎಂದು ಕೇಳಬೇಕು. ಬಂದರೂ ಒತ್ತಿ, ತೊಟ್ಟು ನೋಡಬೇಕು. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554 ಕ್ಯಾಬಿನ್ನಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಅಲೆಯ ಎತ್ತರ, ಗಾಳಿಯ ಮುನ್ಸೂಚನೆಯನ್ನು ಮೀನುಗಾರರಿಗೆ ಕೊಡುತ್ತಿದೆ. ಏಳು ಮೀಟರ್‌ವರೆಗೆ ಅಗಲವಿರುವ ಸಣ್ಣ ದೋಣಿಗಳು ಎಲ್ಲಿ ಮಗುಚುವ ಸಂಭವ ಹೆಚ್ಚು ಎಂದು ಹತ್ತು ದಿನ ಮುಂಚಿತವಾಗಿ ಹೇಳುವ ವ್ಯವಸ್ಥೆಯನ್ನೂ ಅದು ರೂಪಿಸಿದೆ. ಅಲೆಯ ಎತ್ತರವಷ್ಟೇ ಅಲ್ಲ, ಅದು ಎಷ್ಟು ಕಡಿದಾಗಿದೆ, ಎಷ್ಟು ದಿಕ್ಕುಗಳಿಂದ ಬರುತ್ತಿದೆ, ಗಾಳಿ ಎಷ್ಟು ಬೇಗ ಏರುತ್ತಿದೆ ಎಂಬುದನ್ನೆಲ್ಲ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಈ ಸೂಚನೆಯ ಉಪಯೋಗ ಆಗಬೇಕಾದರೆ ತನ್ನ ಬೋಟಿನ ಅಗಲ, ಓಲಾಟದ ಸಮಯ ತಾಂಡೇಲನಿಗೆ ಬಾಯಿಪಾಠವಿರಬೇಕು.

ಇಷ್ಟೆಲ್ಲ ನೋಡಲು ಹೊರಟರೆ ಬೋಟೇ ಸಿಗುವುದಿಲ್ಲ ಎನ್ನಬಹುದು. ದೋಷವಿಲ್ಲದ ಹಳೆ ಬೋಟು ನಿಜಕ್ಕೂ ಸಿಗುವುದಿಲ್ಲ. ಆದರೆ ದುರಸ್ತಿ ಮಾಡಬಹುದಾದ ದೋಷ ಬೇರೆ, ಮಾಡಲಾಗದ ದೋಷ ಬೇರೆ. ಮುರಿದ ಪಂಪು, ಮುಚ್ಚಿದ ಕಿಂಡಿ, ಸವೆದ ಚುಕ್ಕಾಣಿ ಕೊಂಡಿ, ಕಾಣೆಯಾದ ಅಡ್ಡಹಲಗೆ ಇವುಗಳ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಕೊಳ್ಳಬಹುದು. ಕೊಳೆತ ಅಡಿಮರ, ಕಿರಿದಾದ ಒಡಲು, ಮೇಲೆ ಕೂತ ಅಂತಸ್ತು ತೆಗೆಯಲು ಮನಸ್ಸಿಲ್ಲದ ಯಜಮಾನ ಇವುಗಳಿಗೆ ಮಾತ್ರ ಔಷಧವಿಲ್ಲ.

ಚುಟುಕಾಗಿ

• ಬೋಟನ್ನು ನೀರಿನಿಂದ ಮೇಲೆತ್ತಿಸಿ ನೋಡದೆ ಮುಂಗಡ ಕೊಡಬೇಡಿ.

• ಹೊಸದಾಗಿ ಬಳಿದ ಬಣ್ಣ ಕಂಡರೆ ಅದರ ಕೆಳಗೇನಿದೆ ಎಂದು ತಟ್ಟಿ ನೋಡಿ.

• ಒಂದು ಓಲಾಟದ ಸೆಕೆಂಡುಗಳು ಅಗಲದ ಮೀಟರುಗಳಿಗಿಂತ ಕಡಿಮೆ ಇರಲಿ. ಮೆತ್ತಗೆ ತೂಗುವ ಬೋಟನ್ನು ಅನುಮಾನಿಸಿ.

• ಕಟ್ಟಿಸಿದ ಮೇಲೆ ಸೇರಿಸಿದ ಪ್ರತಿಯೊಂದು ಭಾರದ ಪಟ್ಟಿ ಕೇಳಿ. ಬೇಡವಾದದ್ದನ್ನು ಇಳಿಸಿ.

• ನೀರು ಹೊರಹೋಗುವ ಕಿಂಡಿ, ಮುಚ್ಚಳ, ಪಂಪು, ಅಡ್ಡಹಲಗೆ ಸರಿಯಿವೆಯೇ ನೋಡಿ.

• ಡೀಸೆಲ್ ಟ್ಯಾಂಕು ತೊಳೆಸದೆ ಮೊದಲ ಪ್ರಯಾಣ ಬೇಡ.

• ನಿಮ್ಮ ಬಂದರಿನ ಅಳಿವೆಗೆ ಬೋಟಿನ ಆಳ, ಚುಕ್ಕಾಣಿ ಹೊಂದುತ್ತದೆಯೇ ಎಂದು ತಾಂಡೇಲನನ್ನು ಕೇಳಿ.

• ಕಾಗದಪತ್ರ ಹೆಸರಿಗೆ ಬರುವವರೆಗೆ ಬೋಟು ಧಕ್ಕೆಯಲ್ಲೇ ಇರಲಿ.

• ಬೋಟಿಗೆ ಹತ್ತುವ ಏಳೆಂಟು ಮಂದಿಯಲ್ಲಿ ಒಬ್ಬನಾದರೂ ‘ಬೇಡ’ ಎಂದರೆ ಅವನ ಕಾರಣ ಪೂರ್ತಿ ಕೇಳಿ.